ಎರಡು ಸೊನ್ನೆ ಬರೆದು ಕಳಿಸು

ಚನ್ನಗಿರಿ
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಸುನಿ,

ನನ್ನ ಸಲಾಮು, ನಮ್ಮತ್ತೆಯ ದುವಾ, ಖಲೀಲನ ನಮಸ್ಕಾರ, ಮೂರನ್ನೂ ಒಂದೇ ಕವರಿನಲ್ಲಿ ತುರುಕಿದ್ದೇನೆ. ತೂಕ ಹೆಚ್ಚಾಯಿತು ಅಂತ ಪೋಸ್ಟ್‌ಮ್ಯಾನ್ ಗೊಣಗಿದರೆ ಅತ್ತೆಯ ದುವಾ ಇಟ್ಟುಕೊಂಡು ಉಳಿದೆರಡನ್ನು ವಾಪಸ್ ಮಾಡು, ಬೇಜಾರಿಲ್ಲ.

ತಡವಾಯಿತು, ಕ್ಷಮಿಸು. ಎಷ್ಟು ತಡವೆಂದರೆ, ಕ್ಷಮಿಸು ಅನ್ನುವುದಕ್ಕೂ ತಡವಾಗಿಬಿಟ್ಟಿದೆ. ಮೂರು ವರ್ಷ ಒಂದು ತಿಂಗಳು. ನೀನು ಬರೆಯಲಿಲ್ಲ, ನಾನೂ ಬರೆಯಲಿಲ್ಲ. ನಾವಿಬ್ಬರೂ ಬರೆಯದೇ ಬಿಟ್ಟದ್ದನ್ನೆಲ್ಲ ಒಟ್ಟುಮಾಡಿ ಹೊಲಿದಿದ್ದರೆ ಒಂದು ದಪ್ಪ ಕಾದಂಬರಿಯೇ ಆಗುತ್ತಿತ್ತು. ಫೋನು ಮಾಡಬಹುದಿತ್ತಲ್ಲ ಅನ್ನಬೇಡ. ಮೊದಲ ವರ್ಷ ಮಾಡಿದೆ, ನೀನು ಎತ್ತಲಿಲ್ಲ. ಆಮೇಲೆ, ಎಲ್ಲಿ ಎತ್ತಿಬಿಡುತ್ತೀಯೋ ಅಂತ ನನಗೇ ಭಯವಾಗತೊಡಗಿತು. ಫೋನಿನಲ್ಲಿ ನನ್ನ ಬಾಯಿ ಹೇಗೆ ಓಡುತ್ತದೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಾಗದದಲ್ಲಾದರೆ ಬರೆದದ್ದನ್ನು ಹೊಡೆದು ಹಾಕಬಹುದು. ಈ ಪುಟದಲ್ಲಿ ಆಗಲೇ ಮೂರು ಜೋಕು ಹೊಡೆದಿದ್ದೇನೆ. ಬೆಳಕಿಗೆ ಹಿಡಿದರೆ ಕಾಣಿಸುತ್ತವೆ, ಹಿಡಿಯಬೇಡ.

ಈಗ ಬರೆಯಲು ಕಾರಣ ಹೇಳಿಬಿಡುತ್ತೇನೆ. ನನಗೆ ನಿನ್ನಿಂದ ಎರಡು ಸೊನ್ನೆ ಬೇಕು. ಹಿಂದೆ ಮುಂದೆ ಅಂಕಿ ಬೇಡ, ಬರೀ ಸೊನ್ನೆ. ಒಂದರ ಮೇಲೊಂದು ಕೂತಿರಬೇಕು, ವಿಸರ್ಗದ ಹಾಗೆ. ಹಾಗೇನು, ವಿಸರ್ಗವೇ. ಡಿಸೆಂಬರ್ ಏಳರ ಭಾನುವಾರ ಹೊನ್ನಾಳಿಯಲ್ಲಿ ನಮ್ಮ ಬಿ.ಎ. ಬ್ಯಾಚಿನವರೆಲ್ಲ ಸೇರುತ್ತಿದ್ದೇವೆ. ಕಾಲೇಜು ಬಿಟ್ಟು ಹತ್ತು ವರ್ಷವಾಯಿತು. ನಲವತ್ತೆರಡು ಟೀ ಶರ್ಟು ಅಚ್ಚು ಹಾಕುವ ಕೆಲಸ ನನ್ನದು. ಎದೆಯ ಮೇಲೆ ಒಂದೇ ಪದ: ಪುನಃ. ಅದು ನಿನ್ನ ಕೈಬರಹದಲ್ಲಿ ಇರಬೇಕೆಂದು ಎಲ್ಲರೂ ಒಪ್ಪಿದ್ದಾರೆ. ‘ಪು’ ನನ್ನ ಹತ್ತಿರ ಇದೆ, ‘ನ’ ಇದೆ. ಕೊನೆಯ ಎರಡು ಸೊನ್ನೆ ಇಲ್ಲ.

ನೀನು ಈ ಹೊತ್ತಿಗೆ ಕಾಗದ ಮಡಿಸಿ ಒಲೆಯ ಹತ್ತಿರ ಇಟ್ಟಿರಬಹುದು. ಉರಿಗೆ ಹಾಕುವ ಮೊದಲು ಉಳಿದದ್ದನ್ನೂ ಓದಿಬಿಡು, ಸುದ್ದಿ ಬಹಳ ಇದೆ.

ನೀನಿದ್ದಾಗ ನಾವು ಮಾಡುತ್ತಿದ್ದದ್ದು ಅಂಟಿಸುವ ಕೆಲಸ. ನೀನು ಬಿಳಿಚೋಡಿನಿಂದ ಹಾಳೆಯ ಮೇಲೆ ಬರೆದು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕವರು ಕೊಟ್ಟು ಕಳಿಸುತ್ತಿದ್ದೆ. ನಮ್ಮ ಕಟಿಂಗ್ ಮೆಷಿನ್ನು ನಿನ್ನ ಅಕ್ಷರವನ್ನು ಸ್ಟಿಕರ್ ಹಾಳೆಯಲ್ಲಿ ಕತ್ತರಿಸುತ್ತಿತ್ತು. ನಾನು ಅದನ್ನು ಅಂಗಿಯ ಮೇಲಿಟ್ಟು ಇಸ್ತ್ರಿಪೆಟ್ಟಿಗೆಯಿಂದ ಒತ್ತುತ್ತಿದ್ದೆ. ಆರು ಸಲ ಒಗೆದರೆ ಅಕ್ಷರ ಎದ್ದು ಹೋಗುತ್ತಿತ್ತು. ನ್ಯಾಮತಿಯ ಕಬಡ್ಡಿ ತಂಡದ ಎದೆಯ ಮೇಲಿದ್ದ “ಗೆಲುವು ನಮ್ಮದೇ” ಸೆಮಿಫೈನಲ್ಲಿಗೆ ಬರುವಷ್ಟರಲ್ಲಿ “ಲುವು ನ” ಆಗಿತ್ತು. ಎದುರಿನವರು ಅದನ್ನು ಓದುತ್ತ ನಿಂತದ್ದರಿಂದಲೇ ಇವರು ಗೆದ್ದರು ಅನ್ನುವುದು ನನ್ನ ವಾದ.

ಈಗ ಕಾಲ ಬದಲಾಗಿದೆ. ಮನೆಯಲ್ಲೇ ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತೇನೆ. ಅಂಗಡಿ ಇಲ್ಲದ ಅಂಗಿ ವ್ಯಾಪಾರ. ಎಲ್ಲರ ಎದೆಗೂ ಅಕ್ಷರ ಹಾಕುವುದರಿಂದ ಇದಕ್ಕೆ ‘ಎದೆಗಾರಿಕೆ’ ಅಂತ ಹೆಸರಿಟ್ಟಿದ್ದೇನೆ. ಮೆಷಿನ್ನು ಅದೇ, ಅದಕ್ಕೆ ಹೇಳಿಕೊಟ್ಟ ಬುದ್ಧಿ ಬೇರೆ. ಅಂಟುಹಾಳೆಯಲ್ಲಿ ಅಕ್ಷರ ಕತ್ತರಿಸಿ, ಆ ಅಕ್ಷರವನ್ನೇ ಕಿತ್ತು ಎಸೆಯಬೇಕು. ತೂತು ಬಿದ್ದ ಹಾಳೆಯನ್ನು ಮರದ ಚೌಕಟ್ಟಿಗೆ ಬಿಗಿದ ಜಾಲರಿಯ ಅಡಿಗೆ ಅಂಟಿಸಬೇಕು. ಕೆಳಗೆ ಅಂಗಿ ಹಾಸಿ, ಜಾಲರಿಯ ಮೇಲೆ ಬಣ್ಣ ಸುರಿದು, ರಬ್ಬರ್ ಪಟ್ಟಿಯಿಂದ ಒಂದೇ ಸಲ ಎಳೆದರೆ, ಅಕ್ಷರ ಎಲ್ಲಿ ಇಲ್ಲವೋ ಅಲ್ಲೇ ಅಕ್ಷರ ಮೂಡುತ್ತದೆ. ಇಲ್ಲದವರ ಜಾಗದಲ್ಲೇ ಬಣ್ಣ ಇಳಿಯುವುದು. ಈ ವಾಕ್ಯವನ್ನೂ ಹೊಡೆಯಬೇಕು ಅಂದುಕೊಂಡೆ, ಕೈ ಬರಲಿಲ್ಲ.

ಜಾಲರಿಯ ಅಡಿಗೆ ಅಂಟಿಸುವುದರಿಂದ ಕತ್ತರಿಸುವಾಗ ಅಕ್ಷರ ಹಿಂದುಮುಂದಾಗಿರಬೇಕು. ಅಂದರೆ ಕನ್ನಡವನ್ನು ಕನ್ನಡಿ ಮಾಡಬೇಕು. ಮೊದಲ ದಿನ ಅದನ್ನು ಮರೆತು ಖಲೀಲನ ಹೊಸ ಬನಿಯನ್ ಮೇಲೆ ‘ಯಜಮಾನ’ ಅಂತ ಉಲ್ಟಾ ಹೊಡೆದೆ. ಪಾಪ, ಈಗಲೂ ಅದನ್ನೇ ಹಾಕಿಕೊಂಡು ಗಡ್ಡ ಹೆರೆದುಕೊಳ್ಳುತ್ತಾನೆ. “ಇರ್ಲಿ ಬಿಡು, ಕನ್ನಡಿ ಮುಂದೆ ನಿಂತಾಗ ಹತ್ತು ನಿಮಿಷನಾದ್ರೂ ಈ ಮನೇಲಿ ಯಜಮಾನ ಯಾರು ಅಂತ ಓದಾಕೆ ಸಿಗ್ತೈತೆ” ಅನ್ನುತ್ತಾನೆ.

ಈ ಕಾರ್ಖಾನೆಯ ನಿಜವಾದ ಯಜಮಾನಿ ನಮ್ಮತ್ತೆ ಇಮಾಮ್‌ಬೀ. ಹಾಳೆಯಿಂದ ಅಕ್ಷರದ ಚೂರು ಕೀಳುವ ಕೆಲಸ ಅವರದು. ಸಣ್ಣ ಕೊಕ್ಕೆ ಹಿಡಿದು ಬಾಗಿಲ ಬೆಳಕಿಗೆ ಕೂತರೆ ಅರ್ಧ ಗಂಟೆಯಲ್ಲಿ ನನ್ನ ದಿನದ ಕೆಲಸ ಮುಗಿಸುತ್ತಾರೆ. “ತ್ಯಾವಣಿಗೆ ಗದ್ದೆಯಾಗೆ ಇಪ್ಪತ್ತು ವರ್ಷ ಕಳೆ ಕಿತ್ತಿದೀನಿ ಬೇಟಿ, ಇದ್ಯಾವ ಲೆಕ್ಕ!” ಅಂತ ಅವರ ಮುಖದಲ್ಲೂ ಒಂದು ಕಳೆ. ಕಷ್ಟ ಒಂದೇ, ಅವರಿಗೆ ಅಕ್ಷರ ಬರುವುದಿಲ್ಲ. ಯಾವುದು ಕಳೆ ಯಾವುದು ಪೈರು ಅಂತ ನಾನು ಮೊದಲೇ ಹೇಳಬೇಕು.

ಒಂದು ಸಲ ಹೇಳದೆ ಸ್ನಾನಕ್ಕೆ ಹೋದೆ. ಸೂಳೆಕೆರೆಯ ಮೀನುಗಾರರದು ಆರ್ಡರ್, ಹದಿನೆಂಟು ಅಂಗಿ. ಅವರ ಮುಖಂಡ ದಾಸಪ್ಪ ತಾನೇ ಹೇಳಿ ಬರೆಸಿದ ಮಾತು: “ಕೆರೆ ಬಲ್ಲೆ, ಮೀನು ಬಲ್ಲೆ”. ನಮ್ಮತ್ತೆ ದೊಡ್ಡ ಅಕ್ಷರಗಳನ್ನೆಲ್ಲ ಕಿತ್ತು, ಕೆಳಗೆ ತೂಗುವ ಒತ್ತುಗಳನ್ನು ಎಳೆಯ ಪೈರೆಂದು ಬಗೆದು ಉಳಿಸಿಬಿಟ್ಟರು. ನಾನೂ ನೋಡದೆ ಹದಿನೆಂಟಕ್ಕೂ ಅಚ್ಚು ಎಳೆದೆ. ಒತ್ತಿದ್ದು ನಾನು, ಒತ್ತು ಮಾತ್ರ ಬೀಳಲಿಲ್ಲ. ಅಂಗಿಯ ಮೇಲೆ ಬಂದದ್ದು “ಕೆರೆ ಬಲೆ, ಮೀನು ಬಲೆ”.

ದಾಸಪ್ಪ ಅಂಗಿ ಬಿಡಿಸಿ ಹಿಡಿದು ಎರಡು ಸಲ ಓದಿದ. ನಾನು ಬಾಗಿಲ ಹಿಂದೆ ಸರಿದೆ.

“ಇದ್ಯಾಕ್ರೀ ಅಮ್ಮಾ, ನಾನು ಹೇಳಿದ್ದು ಬಲ್ಲೆ ಅಂತ.”

“ತಪ್ಪಾಗಿದೆ ದಾಸಪ್ಪಾ, ಬೇರೆ ಹಾಕಿ ಕೊಡ್ತೀನಿ.”

“ಏ, ಬ್ಯಾಡ ಬಿಡ್ರಿ. ಆ ಕೆರೇನ ಬಲ್ಲೆ ಅಂದೋರು ಯಾರವ್ರೆ? ನಮ್ಮಪ್ಪ ಬಲ್ಲೆ ಬಲ್ಲೆ ಅಂತಾನೇ ಅದ್ರಾಗೆ ಹೋದ. ಬಲೆ ಅಂದ್ರೆ ನಿಜ ಆತು. ಬಲೆ ಒಂದೇ ನಮ್ದು.”

ನಮ್ಮತ್ತೆ ಒಳಗಿನಿಂದಲೇ ಕೂಗಿದರು: “ನೋಡ್ದೇನೇ ತಸ್ಲೀಮ್? ಓದಿದೋಳಿಗಿಂತ ಓದದೋಳು ಚೆಂದ ಬರೀತಾಳೆ!” ಅಂದಿನಿಂದ ಒಂದೊಂದು ಹಾಳೆಗೂ ಗತ್ತಿನಿಂದ ಕೇಳುತ್ತಾರೆ, “ಇದು ಕಳೆನಾ, ಪೈರಾ?”

ಆ ಹದಿನೆಂಟು ಅಂಗಿಯ ಮೇಲೂ ನಿನ್ನದೇ ಅಕ್ಷರ, ಸುನಿ. ಅದನ್ನು ಹೇಳಲು ಇಷ್ಟು ಸುತ್ತಿ ಬಂದೆ. ನೀನು ಬರೆದುಕೊಡುವುದು ನಿಲ್ಲಿಸಿದ ಮೇಲೆ ಕಂಪ್ಯೂಟರಿನ ಸಿದ್ಧ ಅಕ್ಷರ ಹಾಕಿ ನೋಡಿದೆ. ಎಲ್ಲ ಸರ್ಕಾರಿ ನೋಟೀಸಿನ ಹಾಗೆ ಕಾಣುತ್ತಿತ್ತು. ಹಾಸ್ಟೆಲಿನ ಟ್ರಂಕು ತೆಗೆದೆ. ನಿನ್ನ ನೋಟ್‌ಬುಕ್ಕು, ಗೋಡೆಪತ್ರಿಕೆಯ ಹಾಳೆಗಳು, ಮೆಸ್ಸಿನ ಬಾಗಿಲಿಗೆ ನೀನು ಬರೆದು ಅಂಟಿಸಿದ್ದ “ಸಾರಿನಲ್ಲಿ ಬೇಳೆ ಕಂಡವರು ತಿಳಿಸಿ” ಅನ್ನುವ ಪ್ರಕಟಣೆ, ಎಲ್ಲ ಇದ್ದವು. ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ, ಒಂದೊಂದೇ ಅಕ್ಷರ ಬಿಡಿಸಿ, ಲ್ಯಾಪ್‌ಟಾಪಿನಲ್ಲಿ ಜೋಡಿಸಿಟ್ಟೆ. ‘ಕ’ ಇತಿಹಾಸದ ನೋಟ್ಸಿನದು, ‘ಳ’ ಮೆಸ್ಸಿನ ಬೇಳೆಯದು. ನಿನ್ನನ್ನು ಕೇಳದೆ ಮಾಡಿದೆ. ಕೇಳಲು ನೀನೆಲ್ಲಿದ್ದೆ?

ಈಗ ನಾಲ್ಕು ತಾಲ್ಲೂಕಿನಲ್ಲಿ ನಿನ್ನ ಅಕ್ಷರ ಓಡಾಡುತ್ತಿದೆ. ಚನ್ನಗಿರಿಯ ಅಡಿಕೆ ಮಂಡಿಯ ಹಮಾಲರ ಬೆನ್ನ ಮೇಲೆ “ಭಾರ ನಮಗಿರಲಿ”. ನ್ಯಾಮತಿ ಸಂತೆಯಲ್ಲಿ ಮಿರ್ಚಿ ಕರಿಯುವವನ ಎದೆಯ ಮೇಲೆ “ಖಾರ ಕೇಳಿ ಹಾಕಲಾಗುವುದು”. ಜಗಳೂರಿನ ಒಂದು ಮದುವೆಗೆ ವಧುವಿನ ಕಡೆಯವರಿಗೆಲ್ಲ “ಊಟ ಆಯ್ತಾ?”. ನಿನ್ನ ತಾಲ್ಲೂಕಿಗೇ ನಿನ್ನನ್ನು ವಾಪಸ್ ಕಳಿಸಿದ್ದೇನೆ, ನಿನಗೇ ಗೊತ್ತಿಲ್ಲದೆ.

ಹೋದ ತಿಂಗಳು ಹೊನ್ನಾಳಿಯ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರ ಬೆನ್ನ ಮೇಲೆ “ಬಂದೆ ಇರು” ಅಂತ ಕಂಡಿತು. ನಾನೇ ಅಚ್ಚು ಹಾಕಿದ್ದಿರಬೇಕು. ನಿನ್ನ ‘ಬ’, ಹೊಟ್ಟೆ ಸ್ವಲ್ಪ ಎಡಕ್ಕೆ ವಾಲಿದ್ದು. ನಾಲ್ಕು ಗಂಟೆಯ ಕ್ಲಾಸಿಗೆ ನೀನು ಚೀಟಿ ಬರೆದಿಟ್ಟು ಹೋಗುತ್ತಿದ್ದೆಯಲ್ಲ, ಅದೇ ‘ಬ’, ಅದೇ ಮಾತು. ಕಾಲು ತಾನಾಗಿ ಹಿಂದೆ ಹೋಯಿತು. ಟೀ ಅಂಗಡಿ ದಾಟಿದೆ, ಹೂವಿನವರನ್ನು ದಾಟಿದೆ, ದಾವಣಗೆರೆ ಬಸ್ಸಿನ ಬಾಗಿಲವರೆಗೂ ಹೋಗಿಬಿಟ್ಟೆ. ಆ ಮನುಷ್ಯ ತಿರುಗಿದರು. ಐವತ್ತು ದಾಟಿದವರು, ಬಾಯಿ ತುಂಬ ಎಲೆ ಅಡಿಕೆ.

“ಏನ್ ಬೇಕಾಗಿತ್ತಮ್ಮಾ?”

“ಏನಿಲ್ಲ, ಬೆನ್ನ ಮೇಲಿರೋದು ಓದ್ತಾ ಇದ್ದೆ.”

“ಎರಡೇ ಮಾತಲ್ಲವ್ವಾ, ಇಷ್ಟೊತ್ತು ಓದಾಕೆ ಏನೈತೆ? ಮುಗದಿದ್ರೆ ಬಸ್ ಹತ್ತಾಕೆ ಬಿಡ್ತೀಯಾ?”

ಅವರು ಹತ್ತಿದರು, ಬಸ್ಸು ಹೋಯಿತು. “ಬಂದೆ ಇರು” ಅನ್ನುವ ಬೆನ್ನು ದೂರ ದೂರ ಹೋಗುವುದನ್ನು ನಾನು ನೋಡುತ್ತ ನಿಂತೆ. ಇದರಲ್ಲಿ ಒಂದು ಜೋಕಿದೆ ಅಂತ ನನಗೆ ಗೊತ್ತಿತ್ತು. ಹುಡುಕಿದೆ, ಸಿಗಲಿಲ್ಲ.

ಅವತ್ತು ನಾನು ಹೊನ್ನಾಳಿಗೆ ಹೋಗಿದ್ದದ್ದೇ ಈ ಬ್ಯಾಚಿನ ಸಭೆಗೆ. ಮುಂದಾಳು ನಮ್ಮ ಗುರುಸ್ವಾಮಿ. ಅದೇ, ಪರೀಕ್ಷೆಯಲ್ಲಿ ಪೆನ್ನಿಗೆ ನಿದ್ದೆ ಬಂತು ಅಂದವನು. ಈಗ ನ್ಯಾಮತಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ, ಹೊಟ್ಟೆಗೂ ಅದೇ ಹಾಕಿದ ಹಾಗೆ ಕಾಣುತ್ತಾನೆ. “ಅಂಗಿ ಮೇಲೆ ‘ಪುನಃ’ ಅಂತ ಹಾಕೋಣ, ಅಕ್ಷರ ಸುನಿತಾಂದೇ ಇರ್ಲಿ. ಗೋಡೆಪತ್ರಿಕೆ ಅಂದ್ರೆ ಅವಳಲ್ವಾ? ನೀನು ಬರೀ ತಲೆಹರಟೆ ಹೇಳ್ತಿದ್ದೆ, ಚೆಂದಾಗಿ ಬರೀತಿದ್ದೋಳು ಅವಳು” ಅಂದ. ಎಲ್ಲರೂ ಹೂಂ ಅಂದರು. ನಾನೂ ಅಂದೆ, ಎಲ್ಲರಿಗಿಂತ ಜೋರಾಗಿ.

ಮನೆಗೆ ಬಂದು ಹುಡುಕಿದರೆ ವಿಸರ್ಗವೇ ಇಲ್ಲ. ಮೂರು ವರ್ಷದ ನೋಟ್ಸಿನಲ್ಲಿ ಒಂದಾದರೂ ಬೇಡವೇ? ಆಮೇಲೆ ನೆನಪಾಗಿ ಒಬ್ಬಳೇ ನಕ್ಕೆ. ನಿನಗೂ ವಿಸರ್ಗಕ್ಕೂ ಆಗಿ ಬರುತ್ತಿರಲಿಲ್ಲ. ಅದನ್ನು ಎಲ್ಲಿ ಇಡಬೇಕೋ ಅಲ್ಲಿ ಬಿಟ್ಟು ಬೇರೆಲ್ಲ ಕಡೆ ಇಡುತ್ತಿದ್ದೆ. ದುಃಖಕ್ಕೆ ‘ದುಖಃ’ ಅಂತ ಬರೆದು ಮೊದಲ ಪರೀಕ್ಷೆಯಲ್ಲಿ ಅಂಕ ಹೋಯಿತು. ಮೇಷ್ಟರು ಕ್ಲಾಸಿನಲ್ಲಿ ಓದಿ ಹೇಳಿದಾಗ ನೀನು ಎದ್ದು ನಿಂತು, “ಸಾರ್, ದುಃಖದಾಗೆ ಇರೋರಿಗೆ ಎರಡು ಸೊನ್ನೆ ಎಲ್ಲಿಡಬೇಕು ಅಂತ ನೆನಪಿರ್ತೈತಾ?” ಅಂದೆ. ಅವರೂ ನಕ್ಕರು, ಅಂಕ ಮಾತ್ರ ಕೊಡಲಿಲ್ಲ. ಅಂದಿನಿಂದ ನೀನು ಆ ಪದಗಳನ್ನೇ ಬಿಟ್ಟುಬಿಟ್ಟೆ. ಪುನಃ ಅನ್ನುವಲ್ಲಿ ‘ಮತ್ತೆ’ ಅಂತ ಬರೆದೆ, ಅಂತಃಕರಣಕ್ಕೆ ‘ಕರುಳು’, ದುಃಖಕ್ಕೆ ‘ಸಂಕಟ’. “ನಮ್ಮ ಸುನಿಗೆ ಸಂಕಟ ಬರುತ್ತದೆ, ದುಃಖ ಬರುವುದಿಲ್ಲ” ಅಂತ ನಾನು ಗೋಡೆಪತ್ರಿಕೆಗೆ ಹೇಳಿದೆ, ನೀನೇ ನಿನ್ನ ಮುದ್ದಾದ ಅಕ್ಷರದಲ್ಲಿ ಬರೆದೆ. ‘ದುಃಖ’ದ ಜಾಗದಲ್ಲಿ ಮಾತ್ರ ಒಂದು ಅಳುಮುಖ ಬಿಡಿಸಿದ್ದೆ!

ಹಾಸ್ಟೆಲಿನ ಆ ಉದ್ದ ಪಡಸಾಲೆ ನೆನಪಿದೆಯಾ? ನೀನು ಆ ತುದಿಯಿಂದ “ತಸ್ಲೀ” ಅಂತ ಕೂಗುತ್ತಿದ್ದೆ. ನಾನು ಒಂದು ದಿನವೂ ನೆಟ್ಟಗೆ ‘ಓ’ ಅನ್ನಲಿಲ್ಲ. “ಔ, ಅಂ, ಅಃ” ಅಂತ ಓ ಬಿಟ್ಟು ಮುಂದಿನದೆಲ್ಲ ಹೇಳುತ್ತಿದ್ದೆ. “ಒಂದ್ ಸಾರಿ ಓ ಅಂದ್ರೆ ನಿನ್ನ ಬಾಯಿ ಸವೀತೈತಾ? ಕರೆದೋರಿಗೆ ಕೇಳಿಸ್ತು ಅಂತ ಹೆಂಗೆ ಗೊತ್ತಾಗ್ಬೇಕು?” ಅಂತ ನೀನು ಬಕೆಟ್ಟು ಎತ್ತಿಕೊಂಡು ಬರುತ್ತಿದ್ದೆ. ಅಡುಗೆಯ ಕೆಂಪಕ್ಕ ಒಳಗಿನಿಂದ “ನೀರು ಚೆಲ್ಲಿದ್ರೆ ಇಬ್ರಿಗೂ ಊಟ ಇಲ್ಲ ನೋಡ್ರಿ!” ಅನ್ನುತ್ತಿದ್ದರು.

ಗುರುಸ್ವಾಮಿಗೆ ವಿಸರ್ಗದ ಕಷ್ಟ ಹೇಳಿದೆ. “ಅದಕ್ಕೇನಂತೆ, ‘ಅಂ’ದಾಗೆ ಒಂದು ಸೊನ್ನೆ ಐತಲ್ಲ, ಅದನ್ನೇ ಎರಡು ಸಲ ಹಾಕು” ಅಂದ. ಹಾಕಿ ನೋಡಿದೆ. ಮೇಲಿನದೂ ಅದೇ ಕೆಳಗಿನದೂ ಅದೇ. ಒಬ್ಬಳೇ ಕನ್ನಡಿ ನೋಡಿಕೊಂಡು ಮಾತಾಡುತ್ತಿರುವ ಹಾಗಿತ್ತು. ನಿನ್ನ ಕೈ ಎರಡು ಸೊನ್ನೆ ಬರೆದರೆ ಒಂದು ಸ್ವಲ್ಪ ದಪ್ಪ, ಒಂದು ಸ್ವಲ್ಪ ಬಡಕಲು ಆಗುತ್ತದೆ. ಒಂದು ಇನ್ನೊಂದರ ಕಡೆ ಕಿವಿ ಕೊಟ್ಟು ಕೂತಿರುತ್ತದೆ. ನನಗೆ ಅಂಥದು ಬೇಕು.

ಮೆಷಿನ್ನಿಗೂ ವಿಸರ್ಗ ಕಷ್ಟವೇ. ಸೊನ್ನೆಯ ಬಳೆಯನ್ನು ಮಾತ್ರ ಕೀಳಬೇಕು, ಹೊಟ್ಟೆಯೊಳಗಿನ ಚುಕ್ಕೆ ಉಳಿಯಬೇಕು. ಸಾಸಿವೆಯಷ್ಟು ಚುಕ್ಕೆ. ಅದು ಕೊಕ್ಕೆಗೆ ಅಂಟಿ ಬಂದರೆ ಸೊನ್ನೆ ತುಂಬಿ ಕರೀ ಬೊಟ್ಟಾಗುತ್ತದೆ. ನಿನ್ನೆ ನಮ್ಮತ್ತೆ ಹಾಳೆಯನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, “ಇಷ್ಟು ಸಣ್ಣದನ್ನ ಉಳಿಸಾಕೆ ಬಾಳ ನಿಗಾ ಬೇಕು ಬೇಟಿ” ಅಂದರು.

ಗಿರಾಕಿ ಬಂದರು. ಇಲ್ಲಿಗೆ ನಿಲ್ಲಿಸುತ್ತೇನೆ.

೧೬, ಭಾನುವಾರ

ಬಂದ ಗಿರಾಕಿ ಹೋಗುವಷ್ಟರಲ್ಲಿ ಎರಡು ದಿನವಾಯಿತು. ತಾತನ ನೂರನೇ ವರ್ಷಕ್ಕೆ ಮೊಮ್ಮಕ್ಕಳಿಗೆಲ್ಲ ಅಂಗಿ ಬೇಕಂತೆ. ಏನು ಬರೆಸಬೇಕು ಅನ್ನುವುದರ ಮೇಲೆ ಅಣ್ಣತಮ್ಮಂದಿರು ನಮ್ಮ ಪಡಸಾಲೆಯಲ್ಲೇ ಜಗಳಕ್ಕೆ ನಿಂತರು. ಕೊನೆಗೆ ತಾತನಿಗೇ ಫೋನು ಹಚ್ಚಿ ಕೇಳಿದರು. ಅವರು “ನನ್ನ ಹೆಸರು ಬ್ಯಾಡ, ಒಗೆಯೋ ಕಲ್ಲಿಗೆ ಬಡೀತೀರಿ” ಅಂದರಂತೆ. ಈಗ ಆ ಮಾತನ್ನೇ ಅಚ್ಚು ಹಾಕುತ್ತಿದ್ದೇನೆ, ನಿನ್ನ ಅಕ್ಷರದಲ್ಲಿ.

ನಿನ್ನ ಸುದ್ದಿ ನನಗೆ ಕೆಂಪಕ್ಕನಿಂದ ಬರುತ್ತದೆ. ಹಾಸ್ಟೆಲಿನ ಕೆಲಸ ಬಿಟ್ಟು ಈಗ ಜಗಳೂರಿನ ಮಗಳ ಮನೆಯಲ್ಲಿದ್ದಾರಲ್ಲ, ಹಬ್ಬಕ್ಕೊಮ್ಮೆ ನನಗೆ ಫೋನು ಮಾಡುತ್ತಾರೆ. ನೀನು ಅಂಗನವಾಡಿಗೆ ಸೇರಿದ್ದೀಯಂತೆ. ನಿಮ್ಮ ಯರ್ರಿಸ್ವಾಮಿಯವರು ಕುರಿ ಹೆಚ್ಚು ಮಾಡಿದ್ದಾರಂತೆ. ಮೊದಲಿನಷ್ಟು ನಗುವುದಿಲ್ಲವಂತೆ ನೀನು. “ಕೇಳಿದ್ರೆ ಮಾತಾಡ್ತಾಳೆ, ಕೇಳದಿದ್ರೆ ಇಲ್ಲ” ಅಂದರು. ನನ್ನನ್ನು ಕೇಳುತ್ತಾಳಾ ಅಂದೆ. ಕೆಂಪಕ್ಕ ಆ ಕಡೆ ಹಾಲು ಉಕ್ಕಿತು ಅಂದರು. ಕೆಂಪಕ್ಕನ ಮನೆಯ ಹಾಲು ನಾನು ಆ ಮಾತು ಕೇಳಿದಾಗಲೆಲ್ಲ ಉಕ್ಕುತ್ತದೆ.

ಇದರ ಜೊತೆ ನನ್ನ ವಿಳಾಸ ಬರೆದ ಕವರು, ಗೆರೆಯಿಲ್ಲದ ಬಿಳಿ ಹಾಳೆ, ಒಂದು ಕರೀ ಸ್ಕೆಚ್ ಪೆನ್ನು ಇಟ್ಟಿದ್ದೇನೆ. ಹಾಳೆಯನ್ನು ಮಡಿಸಬೇಡ, ಮಡಿಕೆಯ ಗೆರೆಯನ್ನೂ ಮೆಷಿನ್ನು ಕತ್ತರಿಸುತ್ತದೆ. ದೊಡ್ಡದಾಗಿ ಬರೆ. ಮೊದಲಿನ ಹಾಗೆ ಕಂಡಕ್ಟರ್ ಕೈಯಲ್ಲಿ ಕೊಟ್ಟರೂ ಆಯಿತು. ಡಿಸೆಂಬರ್ ಮೂರರೊಳಗೆ ಬಂದರೆ ಅಚ್ಚು ಹಾಕಿ ಒಣಗಿಸಲು ಸಮಯ ಸಿಗುತ್ತದೆ. ಏಳಕ್ಕೆ ನೀನೇ ಹೊನ್ನಾಳಿಗೆ ಬಂದುಬಿಟ್ಟರೆ, ನಲವತ್ತೆರಡು ಅಂಗಿಯ ಮೇಲೂ ಅಲ್ಲೇ ಕೂತು ಕೈಯಲ್ಲೇ ಬರೆ. ನಾನು ಬಣ್ಣ ಹಿಡಿದು ನಿಲ್ಲುತ್ತೇನೆ, ಬಾಯಿ ಬಿಡುವುದಿಲ್ಲ. ನಿನ್ನ ಅಳತೆಯ ಅಂಗಿ ಒಂದನ್ನು ತೆಗೆದು ಬೇರೆ ಇಟ್ಟಿದ್ದೇನೆ. ಅಳತೆ ಹತ್ತು ವರ್ಷದ ಹಿಂದಿನದು. ಬಿಗಿಯಾದರೆ ನಿನ್ನ ತಪ್ಪು, ಸಡಿಲವಾದರೆ ನನಗೆ ಚಿಂತೆ.

ನಿನ್ನ ಮನೆ ತಂಪಾಗಿರಲಿ. ನಿನ್ನ ಅಂಗನವಾಡಿಯ ಮಕ್ಕಳಿಗೆಲ್ಲ ನಿನ್ನ ಅಕ್ಷರವೇ ಬರಲಿ. ಕುರಿಗಳಿಗೆ ಉಣ್ಣೆ, ನಿನಗೆ ನಿದ್ದೆ, ಎರಡೂ ದಂಡಿಯಾಗಿ ಸಿಗಲಿ. ನಮ್ಮತ್ತೆ ಅಂಗೈ ಎತ್ತಿ ನಿನ್ನ ಹೆಸರು ಹೇಳಿದರು, ಅದನ್ನೂ ಇದರೊಳಗೆ ಸೇರಿಸಿಕೋ.

ಎಂದಿನಂತೆ ನಿನ್ನ,
ತಸ್ಲೀಮ್

ತಾ. ಕ.: ತಾಜಾ ಕಲಂ ಅಂತ ಬರೆದೆ, ವಿಷಯ ತಾಜಾ ಅಲ್ಲ. ಮೂರು ವರ್ಷದ್ದು.

ಮೇಲೆ ಎರಡು ಸುಳ್ಳು ಹೇಳಿದ್ದೇನೆ. ಗುರುಸ್ವಾಮಿ ಹೇಳಿದ ಪದ ‘ಮತ್ತೆ’. ಅದರ ಎಲ್ಲ ಅಕ್ಷರವೂ ನನ್ನ ಹತ್ತಿರ ಇತ್ತು. ಬೇಡ, ಪುನಃ ಇರಲಿ ಅಂತ ಹಟ ಹಿಡಿದವಳು ನಾನು. ನಿನಗೆ ಕಾಗದ ಬರೆಯಲು ನನಗೊಂದು ನೆಪ ಬೇಕಿತ್ತು.

ಎರಡನೆಯದು, ನಿನ್ನ ವಿಸರ್ಗ ನನ್ನ ಹತ್ತಿರ ಇದೆ. ಹತ್ತು ಇದೆ.

ಆ ಅಕ್ಟೋಬರಿನಲ್ಲಿ ಕಬಡ್ಡಿಯವರ ಹಾಳೆ ಕಳಿಸಿದ್ದೆಯಲ್ಲ, ಅದರ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು ಬರೆದಿದ್ದೆ: “ತಸ್ಲೀ, ಬಾಳ ದುಖಃ ಆಗೈತೆ. ಒಂದ್ ಸಾರಿ ಫೋನ್ ಮಾಡ್ತೀಯಾ?” ಅಷ್ಟು ವರ್ಷ ಸಂಕಟ ಅಂತಲೇ ಬರೆದವಳು ಅವತ್ತು ಆ ಪದ ಬರೆದಿದ್ದೆ. ಅದಾದರೂ ನನಗೆ ಹೊಳೆಯಬೇಕಿತ್ತು. ನನ್ನ ಕಣ್ಣಿಗೆ ಕಂಡದ್ದು ತಪ್ಪು ಜಾಗದಲ್ಲಿ ಕೂತ ಎರಡು ಸೊನ್ನೆ. ಕೆಂಪು ಇಂಕಿನಲ್ಲಿ ಸುತ್ತು ಹಾಕಿ, “ಸರಿಯಾಗಿ ಹತ್ತು ಸಲ ಬರೆದು ಕಳಿಸು, ಆಮೇಲೆ ಫೋನು. ಇಂತಿ, ಕನ್ನಡ ಪಂಡಿತೆ” ಅಂತ ಬರೆದು ಕಂಡಕ್ಟರ್ ಕೈಯಲ್ಲಿ ವಾಪಸ್ ಕಳಿಸಿದೆ. ಖುಷಿಯಲ್ಲಿದ್ದೆ. ಆರ್ಡರ್ ಬಹಳ ಇತ್ತು.

ನಾಲ್ಕನೇ ದಿನ ಹಾಳೆ ಬಂತು. ದುಃಖ, ದುಃಖ, ದುಃಖ. ಹತ್ತು ಸಾಲು, ಹತ್ತೂ ಸರಿ. ಬೇರೆ ಒಂದು ಮಾತಿಲ್ಲ. ನಾನು ನಕ್ಕೆ, ಸುನಿ. ಖಲೀಲನಿಗೆ ತೋರಿಸಿ “ನೋಡು, ಅಂತೂ ಕಲಿತಳು” ಅಂದೆ. ಫೋನು ನಾಳೆ ಮಾಡೋಣ ಅಂತ ಹಾಳೆಯನ್ನು ಫೈಲಿಗೆ ಸೇರಿಸಿದೆ. ಎಂಟು ದಿನವಾದ ಮೇಲೆ ಕೆಂಪಕ್ಕ ಹೇಳಿದರು. “ಐದು ತಿಂಗಳು ತುಂಬಿತ್ತು ಕಣವ್ವಾ, ನಿಲ್ಲಲಿಲ್ಲ. ನಿನಗೆ ಗೊತ್ತಿಲ್ವಾ? ನಿನಗೇ ಮೊದ್ಲು ಹೇಳ್ತೀನಿ ಅಂದಿದ್ಲಲ್ಲ.”

ಆ ಹಾಳೆಯನ್ನು ಯಾವ ಮೆಷಿನ್ನಿಗೂ ಕೊಡಲಾರೆ. ಶುಕ್ರವಾರ ನಾನು ಗಿರಾಕಿಯ ಹತ್ತಿರ ಮಾತಾಡುತ್ತಿದ್ದಾಗ ನಮ್ಮತ್ತೆ ಫೈಲಿನಿಂದ ಅದನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಕೂತಿದ್ದರು, ಕೈಯಲ್ಲಿ ಕೊಕ್ಕೆ.

“ಎಲ್ಲ ಸಾಲೂ ಒಂದೇ ಥರ ಐತಲ್ಲೇ. ಯಾರದಾದ್ರೂ ಹೆಸರಾ ಇದು?”

“ಅಲ್ಲ ಅತ್ತೆ.”

“ಮತ್ತೆ, ಯಾರನ್ನೋ ಕರದಂಗೆ ಐತೆ. ಹತ್ತು ಸಾರಿ ಕರದಾಳೆ ನೋಡು.” ಬೆರಳಿಟ್ಟು ಒಂದೊಂದೇ ಸಾಲು ಎಣಿಸಿ ನನ್ನ ಮುಖ ನೋಡಿದರು. “ನಿನ್ನನ್ನೇ ಏನೇ? ನೀನು ಓ ಅನ್ಲಿಲ್ವಾ?”

ಎರಡು ಸೊನ್ನೆ ಕಳಿಸದಿದ್ದರೂ ನಡೆಯುತ್ತದೆ. ಬಿಳಿ ಹಾಳೆಯನ್ನು ಹಾಗೇ ಖಾಲಿ ಕಳಿಸಿದರೂ ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ. ಅಂಗಿಯ ಮೇಲೆ ‘ಮತ್ತೆ’ ಅಂತಲೇ ಹಾಕುತ್ತೇನೆ, ಅದು ನಿನ್ನ ಪದ.

ಮೂರು ವರ್ಷ ತಡವಾಗಿ, ಔ ಅಂ ಅಃ ಏನೂ ಇಲ್ಲದೆ, ಪಡಸಾಲೆಯ ಈ ತುದಿಯಿಂದ ಹೇಳುತ್ತಿದ್ದೇನೆ. ಕೇಳಿಸಿತು, ಸುನಿ.

ಓ.